ಎಂಬತ್ತು ದಾಟಿದರೆ ನಡುಗುವ ಸ್ಟೇರಿಂಗು

ಜೂನ್ 9

ಕನ್ನಡಕದಂಗಡಿಯ ಮಹಾರಾಣಿಯವರ ಸನ್ನಿಧಾನಕ್ಕೆ,

ನಿನ್ನ ಕಾಗದ ಬಂತು. ನಾಲ್ಕು ವರ್ಷದ ಮೇಲೆ ಬಂದ ಕಾಗದದಲ್ಲಿ ಮಾವ ಹೇಗಿದ್ದಾನೆ, ಇದ್ದಾನೋ ಇಲ್ಲವೋ ಎಂಬ ಒಂದು ಮಾತೂ ಇಲ್ಲ. ಅಪ್ಪನ ಕಾರಿನ ಸ್ಟೇರಿಂಗು ಎಂಬತ್ತು ದಾಟಿದರೆ ನಡುಗುತ್ತದೆ, ಏನು ಮಾಡಲಿ ಎಂದು ಎರಡು ಸಾಲು. ಕೆಳಗೆ ನಿನ್ನ ಅಂಗಡಿಯ ವಿಳಾಸ. ಅದರ ಕೆಳಗೆ ಒಂದು ಅಪ್ಪಣೆ: ಮನೆಗೆ ಬರೆಯಬೇಡ, ಫೋನೂ ಮಾಡಬೇಡ, ಎರಡೇ ಕೋಣೆಯ ಮನೆ, ಅಮ್ಮನಿಗೆ ಕೇಳಿಸುತ್ತದೆ.

ಇರಲಿ. ರೋಗಿಯ ಕಡೆಯವರು ವೈದ್ಯನ ಯೋಗಕ್ಷೇಮ ವಿಚಾರಿಸುವುದು ಎಲ್ಲೂ ಇಲ್ಲ. ಫೋನಿನ ಚಿಂತೆಯಂತೂ ಬೇಡವೇ ಬೇಡ. ತಗಡು ಬಡಿದು ಬಡಿದು ನನ್ನ ಎಡಗಿವಿ ಪೂರ್ತಿ ರಜೆ ಹಾಕಿದೆ, ಬಲಗಿವಿ ಮನಸ್ಸು ಬಂದಾಗ ಕೆಲಸಕ್ಕೆ ಬರುತ್ತದೆ. ಅಕ್ಷರ ದಪ್ಪ ದಪ್ಪ ಇದೆ ಎಂದು ನಗಬೇಡ. ಊರ ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕನೇ ಕ್ಲಾಸಿನ ತನಕ, ಅದರಲ್ಲೂ ಅರ್ಧ ನಿನ್ನಮ್ಮ ಕಿವಿ ಹಿಂಡಿ ಕಲಿಸಿದ್ದು. ಹಿಂಡಿದ್ದು ಎಡಗಿವಿಯೇ.

ಆ ಕಾರು ನನಗೆ ಗೊತ್ತಿಲ್ಲದ್ದಲ್ಲ. ಭಾವ ಅದನ್ನು ಕೊಂಡ ದಿನದಿಂದ ಅದರ ಹೊಟ್ಟೆಯೊಳಗೆ ಕೈ ಹಾಕಿದವನು ನಾನೊಬ್ಬನೇ. ಭಾವ ಹೋದ ದಿನ ಹತ್ತು ಜನರ ಎದುರಿಗೆ ನಾನು ಒಂದು ಮಾತು ಆಡಿದೆ: "ಅವನ ಎದೆ ಬಡಿತ ಸರಿ ಇಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು, ಎಂಜಿನ್ ಸದ್ದು ಕೇಳೋನಿಗೆ ಎದೆ ಸದ್ದು ಕೇಳ್ಸಲ್ವಾ?" ನಿನ್ನಮ್ಮ ಮೂಲೆಯಲ್ಲಿ ಕೂತಿದ್ದವಳು ತಲೆಯೆತ್ತಿ, "ಗೊತ್ತಿದ್ರೆ ಯಾಕೋ ಹೇಳ್ಲಿಲ್ಲ?" ಎಂದಳು. ಅದೇ ಕೊನೆಯ ಮಾತು. ಬಾಗಿಲು ಮುಚ್ಚಿತು. ನಾನೇನು ಹೋದವನನ್ನು ಆಡಿಕೊಂಡೆನೇ? ಅದು ಕಸುಬಿನ ಮಾತು. ಹೆಂಗಸರಿಗೆ ಕಸುಬಿನ ಮಾತು ಹಿಡಿಸುವುದಿಲ್ಲ.

ಈಗ ನಿನ್ನ ರೋಗಿಯ ವಿಚಾರ. ನೀನು ಗಿರಾಕಿಯ ಮೂಗಿನ ಮೇಲೆ ಒಂದೊಂದೇ ಗಾಜು ಬದಲಿಸಿ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುತ್ತೀಯಲ್ಲ, ನಾನೂ ಹಾಗೆಯೇ ಕೇಳುತ್ತೇನೆ. ನಡುಕ ಸರಿಯಾಗಿ ಎಷ್ಟಕ್ಕೆ ಶುರುವಾಗುತ್ತದೆ? ಇನ್ನೂ ಜೋರು ಓಡಿಸಿದರೆ ಹೆಚ್ಚುತ್ತದೋ ಇಳಿಯುತ್ತದೋ? ಬ್ರೇಕ್ ಒತ್ತಿದಾಗ? ಆಕ್ಸಿಲರೇಟರಿನಿಂದ ಕಾಲು ತೆಗೆದಾಗ? ನಡುಗುವುದು ಕೈಯೋ, ಕೂತ ಸೀಟೋ? ಇತ್ತೀಚೆಗೆ ಗಾಡಿಗೆ ಏನು ಮಾಡಿಸಿದೆ? ಎಲ್ಲ ನೋಡಿ ಬರೆ. ಬೇರೆಯವರ ಕೈಗೆ ಮಾತ್ರ ಕೊಡಬೇಡ.

ಇಂತಿ ನಿನ್ನ,
ಕಾಗದದ ಮೇಲೇ ಗಾಡಿಯ ನಾಡಿ ಹಿಡಿಯುವ ಏಕೈಕ ವೈದ್ಯ, ಮಾವ


ಜೂನ್ 17

ಮಾವ,

ರಜೆಯ ದಿನ ಹೆದ್ದಾರಿಗೆ ಹೋಗಿ ನೋಡಿದೆ. ಎಪ್ಪತ್ತೈದರ ತನಕ ಏನೂ ಇಲ್ಲ. ಎಂಬತ್ತಕ್ಕೆ ಶುರು. ತೊಂಬತ್ತಕ್ಕೆ ಬಂದರೆ ಕೈಗಡಿಯಾರದ ಮುಳ್ಳು ಕಾಣುವುದಿಲ್ಲ, ಅಷ್ಟು ನಡುಗುತ್ತದೆ. ನೂರೈದು ದಾಟಿಸಿದರೆ ತಾನಾಗಿ ಕಡಿಮೆಯಾಗುತ್ತದೆ, ಆದರೆ ಅಷ್ಟು ಜೋರು ಓಡಿಸಲು ನನಗೆ ಧೈರ್ಯವಿಲ್ಲ. ಬ್ರೇಕ್ ಒತ್ತಿದರೂ, ಕಾಲು ತೆಗೆದರೂ ವ್ಯತ್ಯಾಸವಿಲ್ಲ. ನಡುಗುವುದು ಕೈ ಮಾತ್ರ, ಸೀಟು ಅಲ್ಲ. ಅಪ್ಪ ಹೋದ ಮೇಲೆ ಕಾರು ಶೆಡ್ಡಿನಲ್ಲೇ ಇತ್ತು. ಈ ಬೇಸಿಗೆಯಲ್ಲಿ ಹೊರಗೆ ತೆಗೆದಾಗ ಮುಂದಿನ ಎರಡು ಟೈರು ಒಣಗಿ ಬಿರುಕು ಬಿಟ್ಟಿದ್ದವು, ಹೊಸದು ಹಾಕಿಸಿದೆ. ನಡುಕ ಆಮೇಲಿನದು.

ಇಲ್ಲಿಯ ಒಬ್ಬ ಮೆಕ್ಯಾನಿಕ್ ಸ್ಟೇರಿಂಗಿನ ಇಡೀ ಸೆಟ್ಟು ಬದಲಿಸಬೇಕು ಎಂದ. ಇನ್ನೊಬ್ಬ "ಕಾರನ್ನೇ ಬದಲಾಯ್ಸಿ ಮೇಡಂ" ಎಂದು ನಕ್ಕ. ಅದಕ್ಕೇ ನಿನಗೆ ಬರೆದದ್ದು. ಹದಿನೈದು ದಿನಕ್ಕೊಮ್ಮೆ ಬಹಳ ದೂರ ಹೋಗಿ ಬರುವುದಿರುತ್ತದೆ. ದಯವಿಟ್ಟು ಬೇಗ ಬರೆ.

ನೀನು ಹೇಗಿದ್ದೀಯ? ಹೋದ ಸಲ ಕೇಳದಿದ್ದುದು ತಪ್ಪಾಯಿತು.

ನಿನ್ನ ಸೊಸೆ


ಜೂನ್ 24

ಸೊಸೆಮುದ್ದೇ,

ನಾನು ಕಲ್ಲುಗುಂಡು. ಗ್ಯಾರೇಜಿನ ಮುಂದೆ ನೆರಳಿಗೆ ಹೊಸ ತಗಡು ಹಾಕಿಸಿದ್ದೇನೆ. ಗುಜರಿಗೆ ಹೋದ ಒಂದು ದೊಡ್ಡ ಕಾರಿನ ಸೀಟು ಬಿಚ್ಚಿ ಅದರ ಕೆಳಗೆ ಇಟ್ಟಿದ್ದೇನೆ. ಒರಗಿದರೆ ಹಿಂದಕ್ಕೆ ಬಾಗುತ್ತದೆ, ಸನ್ನೆ ಎಳೆದರೆ ಮುಂದಕ್ಕೆ ಬರುತ್ತದೆ. ರಾಜರಿಗೂ ಅಂಥದ್ದಿರಲಿಲ್ಲ. ಅದರಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಉತ್ತರಗಳನ್ನು ಎರಡು ಸಲ ಓದಿದೆ. ನನಗೆ ಒಂದು ಅನುಮಾನ ಇದೆ. ಈಗ ಹೇಳುವುದಿಲ್ಲ. ಮೊದಲ ದಿನವೇ ರೋಗದ ಹೆಸರು ಹೇಳಿಬಿಟ್ಟರೆ ಎರಡನೇ ದಿನ ವೈದ್ಯನ ಮನೆಗೆ ಯಾರು ಬರುತ್ತಾರೆ?

ನಡುಕ ಎಂದರೆ ಸಾಮಾನ್ಯವಲ್ಲ ಕಣೇ. ಒಮ್ಮೆ ಒಂದು ಸರ್ಕಸ್ಸಿನ ಲಾರಿ ಬಂತು. ಜೋರು ಓಡಿಸಿದರೆ ಗಡಗಡ. ಮೂರು ಜನ ಮೆಕ್ಯಾನಿಕರು ಕೈ ತೊಳೆದುಕೊಂಡಿದ್ದರು. ನಾನು ಚಕ್ರ ಮುಟ್ಟಲಿಲ್ಲ, ಎಂಜಿನ್ ಬಿಚ್ಚಲಿಲ್ಲ. "ನಡೀರಿ, ನಾನು ಹಿಂದೆ ಕೂರ್ತೀನಿ" ಎಂದು ಸಿಂಹದ ಬೋನಿನ ಪಕ್ಕ ಕೂತೆ. ಲಾರಿ ವೇಗ ಹಿಡಿಯುತ್ತಲೇ ಸಿಂಹ ಕಂಬಿಗೆ ಆತುಕೊಂಡು ಗಡಗಡ ನಡುಗಿತು. ಇಳಿದು ಬಂದು ಹೇಳಿದೆ: "ಲಾರಿಗೆ ಏನೂ ಆಗಿಲ್ಲ ಸ್ವಾಮಿ. ನಿಮ್ಮ ಸಿಂಹಕ್ಕೆ ಭಯ. ಒಂದು ಪರದೆ ಕಟ್ಟಿ." ಆ ಮಾಲೀಕ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಇಂಥದ್ದೆಲ್ಲ ನೋಡಿದ ಕೈ ಇದು.

ಆದ್ದರಿಂದ ಅವಸರ ಬೇಡ. ಈಗ ಮುಂದಿನ ಒಂದೊಂದೇ ಚಕ್ರವನ್ನು ಜಾಕಿನಿಂದ ಎತ್ತು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸು, ಆಮೇಲೆ ಎಡಬಲ ಹಿಡಿದು ಅಲ್ಲಾಡಿಸು. ಮೇಲೆ ಕೆಳಗೆ ಟಕ್ ಎಂದರೆ ಬೇರಿಂಗು ಅಥವಾ ಕೆಳಗಿನ ಗುಂಡು ಜಾಯಿಂಟು. ಎಡಬಲ ಟಕ್ ಎಂದರೆ ಸ್ಟೇರಿಂಗಿನ ಕಡ್ಡಿಯ ತುದಿ ಸವೆದಿದೆ. ನೋಡಿ ಬರೆ.

ಇಲ್ಲವೋ, ಕಾರನ್ನೇ ಇಲ್ಲಿಗೆ ತಂದುಬಿಡು. ಹಿಂದಿನ ಸೀಟಿನಲ್ಲಿ ಯಾರನ್ನಾದರೂ ಕೂರಿಸಿಕೊಂಡು ಬಂದರೆ ನನ್ನ ಅಭ್ಯಂತರವೇನೂ ಇಲ್ಲ. ಬಾಗುವ ಸೀಟು ಇದೆ ಎಂದು ಅವರಿಗೆ ಹೇಳು.

ಸಿಂಹದ ಭಯ ಬಿಡಿಸಿದ ಮಾವ


ಜುಲೈ 5

ಮಾವ,

ಅಂಗಡಿಯ ಕಾವಲುಗಾರರನ್ನು ಕರೆತಂದು ಮನೆಯ ಮುಂದೆಯೇ ಚಕ್ರ ಎತ್ತಿಸಿದೆ. ಎರಡೂ ಕಡೆ ಅಲ್ಲಾಡಿಸಿದೆವು. ಟಕ್ ಎಂಬ ಸದ್ದಿಲ್ಲ, ಕದಲಿಕೆಯೂ ಇಲ್ಲ. ಅಮ್ಮ ಕಿಟಕಿಯಿಂದ "ಕಾರಿನ ಕೆಳಗೆ ಏನೇ ಹುಡುಕ್ತಿದ್ದೀಯ?" ಎಂದಳು. ಬೆಕ್ಕಿನ ಮರಿ ಎಂದೆ.

ಅಲ್ಲಿಗೆ ತರಲು ಆಗುವುದಿಲ್ಲ. ನಿನ್ನ ಊರು ಇನ್ನೊಂದು ದಿಕ್ಕು, ಅಷ್ಟು ದೂರ ಈಗ ಸಾಧ್ಯವೇ ಇಲ್ಲ. ಕಾರಣ ಕೇಳಬೇಡ.

ಮೊನ್ನೆಯೂ ಅರವತ್ತರಲ್ಲೇ ಹೋಗಿ ಬಂದೆವು. ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಹೋದವು. ಹೋಗಿ ಬರುವಷ್ಟರಲ್ಲಿ ಇಡೀ ದಿನ ಮುಗಿದು, ಇಳಿಯುವಾಗ ಕೈ ಹಿಡಿದು ಇಳಿಸಬೇಕಾಯಿತು. ನಿನ್ನ ಅನುಮಾನ ಏನೆಂದು ಈಗಲಾದರೂ ಹೇಳು ಮಾವ. ತಮಾಷೆ ಸಾಕು.

ನಿನ್ನ ಸೊಸೆ


ಜುಲೈ 12

ಗುಟ್ಟಿನ ಗಂಟೇ,

ಹೋಗಿ ಬಂದೆ*ವು*? ಕೈ ಹಿಡಿದು ಇಳಿಸಬೇಕಾಯಿತು? ಯಾರಮ್ಮ ಆ ಕೈ? ಹದಿನೈದು ದಿನಕ್ಕೊಮ್ಮೆ ದೂರದ ಪಯಣ, ಅಮ್ಮನಿಗೆ ತಿಳಿಯದ ಹಾಗೆ ಮಾವನಿಗೆ ಪತ್ರ, ಕಾರಣ ಕೇಳಬೇಡ ಎಂಬ ತಾಕೀತು! ನನ್ನ ಕಿವಿ ಹೋಗಿರಬಹುದು, ಮೂಗು ನೆಟ್ಟಗಿದೆ. ಹುಡುಗ ಏನು ಕೆಲಸ ಮಾಡುತ್ತಾನೆ? ಎಂಬತ್ತಕ್ಕೆ ಹೆದರಿ ಕೈ ಹಿಡಿಸಿಕೊಂಡು ಇಳಿಯುವ ಗಂಡನ್ನು ಎಲ್ಲಿಂದ ಹುಡುಕಿದೆ?

ಅವನನ್ನೂ ಪರೀಕ್ಷೆ ಮಾಡೋಣ, ಕಾರನ್ನೂ ಮಾಡೋಣ. ಒಂದೇ ಕಲ್ಲು. ಹತ್ತಿರದ ಪಂಚರ್ ಅಂಗಡಿಗೆ ಹೋಗಿ ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನ ಎರಡು ಮುಂದಕ್ಕೆ ಹಾಕಿಸು. ಆಮೇಲೆ ತೊಂಬತ್ತಕ್ಕೆ ಬಿಡು. ನಡುಕ ನಿನ್ನ ಕೈ ಬಿಟ್ಟು ಹಿಂದಿನ ಸೀಟಿಗೆ ಹೋದರೆ ಕಳ್ಳ ಚಕ್ರದಲ್ಲೇ ಇದ್ದಾನೆ. ನಿನ್ನ ಕೈಯಲ್ಲೇ ಉಳಿದರೆ ಕಳ್ಳ ಬೇರೆ ಕಡೆ. ಆ ಮಹಾಶಯನನ್ನು ಹಿಂದೆಯೇ ಕೂರಿಸು. ಚೆನ್ನಾಗಿ ಕುಲುಕಲಿ. ಮೂಳೆ ಗಟ್ಟಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಆಮೇಲೆ ನಿನ್ನಮ್ಮನಿಗೆ ಹೇಳುವ ಕೆಲಸ ನನಗೆ ಬಿಡು. ಮದುವೆಯ ಮಾತೆತ್ತಲು ಸೋದರಮಾವನೇ ಬರಬೇಕು. ಅಷ್ಟಕ್ಕಾದರೂ ಬಾಗಿಲು ತೆಗೆಯುತ್ತಾಳೆ.

ವರಪರೀಕ್ಷಕ ಮಾವ


ಜುಲೈ 27

ಮಾವ,

ನೀನು ಹೇಳಿದ ಹಾಗೆ ಚಕ್ರ ಅದಲುಬದಲು ಮಾಡಿಸಿದೆ. ನಡುಕ ಹಿಂದಿನ ಸೀಟಿಗೆ ಹೋಯಿತು. ಹಿಂದಿನ ಸೀಟಿನಲ್ಲಿ ಕೂತಿದ್ದವಳು ಅಮ್ಮ.

ಏಪ್ರಿಲ್‌ನಲ್ಲಿ ಅಮ್ಮನ ಎದೆಯ ಗಡ್ಡೆಯ ಆಪರೇಷನ್ ಆಯಿತು. ಹದಿನೈದು ದಿನಕ್ಕೊಮ್ಮೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಡ್ರಿಪ್ಪಿನಲ್ಲಿ ಔಷಧಿ ಕೊಡಿಸಬೇಕು. ಬಸ್ಸಿನಲ್ಲಿ ಕೂರಲು ಅವಳಿಗೆ ಆಗುವುದಿಲ್ಲ. ಅಪ್ಪನ ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆದದ್ದು ಅದಕ್ಕೆ. ನಿನಗೆ ಹೇಳಕೂಡದು ಎಂದು ನನ್ನ ಕೈಯಲ್ಲಿ ಭಾಷೆ ತೆಗೆದುಕೊಂಡಿದ್ದಳು.

ಹೊಲಿಗೆಯ ಮೇಲೆ ಬೆಲ್ಟು ಒತ್ತದಿರಲಿ ಎಂದು ದಿಂಬು ಅವುಚಿಕೊಂಡು ಕೂತಿದ್ದಳು. ನಾನು ತೊಂಬತ್ತಕ್ಕೆ ಬಿಟ್ಟೆ. ಪರೀಕ್ಷೆ ಮಾಡಬೇಕಿತ್ತಲ್ಲ. "ಏನೇ ಇದು, ಹಿಂದೆ ಯಾಕೆ ಹೀಗೆ ಕುಟ್ಟುತ್ತೆ? ನಿಲ್ಸೇ, ನಿಲ್ಸು" ಎಂದಳು. ಕನ್ನಡಿಯಲ್ಲಿ ನೋಡಿದರೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ದಾರಿಬದಿಯ ಟೈರಿನ ಅಂಗಡಿಯಲ್ಲಿ ನಿಲ್ಲಿಸಿದೆ. ಅಂಗಡಿಯವನು ಬೀಡಿ ಆರಿಸದೇ ಕೇಳಿಸಿಕೊಂಡ.

"ಎಂಬತ್ತಕ್ಕೆ ಶುರುವಾಗಿ ನೂರೈದಕ್ಕೆ ನಿಲ್ಲುತ್ತಾ? ಬ್ಯಾಲೆನ್ಸಿಂಗ್ ಮಾಡ್ಸಿಲ್ಲ, ಅಷ್ಟೇ. ಹೊಸ ಟೈರ್ ಹಾಕ್ದೋನು ಹಾಗೇ ಬಿಟ್ಟಿದ್ದಾನೆ. ಚಕ್ರ ಯಾಕೆ ಹಿಂದೆ ಮುಂದೆ ಮಾಡ್ಸಿದ್ರಿ?"

"ನಮ್ಮೋರೊಬ್ರು ಹೇಳಿದ್ರು."

"ಮೆಕ್ಯಾನಿಕ್ಕಾ?"

"ಹೌದು."

"ಹಾಗಾದ್ರೆ ನಿಮ್ಮೋರಿಗೆ ಹೊತ್ತು ಹೋಗ್ತಿರ್ಲಿಲ್ಲ ಅನ್ಸುತ್ತೆ."

ಅಮ್ಮ ಕಾರಿನೊಳಗಿಂದ "ಯಾರೇ ನಿಮ್ಮೋರು?" ಎಂದಳು.

ಅವನು ಚಕ್ರಗಳನ್ನು ಯಂತ್ರಕ್ಕೆ ಹಾಕಿ ತಿರುಗಿಸಿ, ತೂಕ ಸಮವಾಗಲೆಂದು ರಿಮ್ಮಿನ ಅಂಚಿಗೆ ಬೆರಳುಗುರಿನಷ್ಟು ಸೀಸದ ತುಂಡು ಬಡಿಯುವಷ್ಟರಲ್ಲಿ ಅಮ್ಮ ನನ್ನ ಚೀಲದಲ್ಲಿದ್ದ ನಿನ್ನ ಕಾಗದಗಳನ್ನೆಲ್ಲ ತೆಗೆಸಿಕೊಂಡು ಓದಿ ಮುಗಿಸಿದ್ದಳು. ಟೈರುಗಳ ರಾಶಿಯ ಮೇಲೆ ಕೂತು, ದಿಂಬಿನ ಮೇಲಿಟ್ಟುಕೊಂಡು ಓದಿದಳು. "ಅಕ್ಷರ ಇನ್ನೂ ಹಾಗೇ ಇದೆ" ಎಂದಳು. ಸರ್ಕಸ್ಸಿನ ಕಥೆಗೆ ನಕ್ಕಳು ಕೂಡ. ನಕ್ಕರೆ ಹೊಲಿಗೆ ಎಳೆಯುತ್ತದೆ, ಆದರೂ ನಕ್ಕಳು. "ಅದು ಅವನ ಗುರು ಹೇಳ್ತಿದ್ದ ಕಥೆ. ಸಿಂಹ ಅಲ್ಲ, ಕತ್ತೆ." ವರಪರೀಕ್ಷೆಯ ಕಾಗದಕ್ಕೆ ನಗಲಿಲ್ಲ. ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟು, ನಿನಗೆ ಒಂದೇ ಒಂದು ಮಾತು ಬರೆಯಲು ಹೇಳಿದಳು. ಬರೆದಿದ್ದೇನೆ:

"ನಿನಗೆ ಗೊತ್ತಿತ್ತಾ? ಗೊತ್ತಿದ್ರೆ ಯಾಕೋ ಹೇಳ್ಲಿಲ್ಲ?"

ಸೊಸೆ


ಆಗಸ್ಟ್ 4

ಮಗಳೇ,

ಕಾಗದ ಬಂದು ಐದಾರು ದಿನವಾಯಿತು. ಅಷ್ಟು ದಿನವೂ ಪೆನ್ನು ಹಿಡಿದು ಕೂತಿದ್ದೆ.

ನಾಲ್ಕು ವರ್ಷದ ಮೇಲೆ ಅಕ್ಕ ನನಗೆ ಕಳಿಸಿದ ಮಾತು ಅದೇ ಹಳೆಯ ಮಾತು. ಗೊತ್ತಿರಲಿಲ್ಲ ಎಂದು ಬರೆದುಬಿಟ್ಟರೆ ನಾನು ಪಾರು. ಮಾವನಿಗೆ ವಯಸ್ಸಾಯಿತು, ಮೊದಲಿನ ಕೈ ಇಲ್ಲ, ಚಕ್ರದ ರೋಗ ತಿಳಿಯದೆ ಕತ್ತಲಲ್ಲಿ ತಡಕಾಡಿದ ಎಂದು ನೀವಿಬ್ಬರೂ ಅಯ್ಯೋ ಎನ್ನುತ್ತೀರಿ. ಬರೆಯಲು ಹೋದೆ. ಬರಲಿಲ್ಲ. ಮೊನ್ನೆ ಮೊನ್ನೆ ಸ್ಪ್ಯಾನರ್ ಹಿಡಿದ ಪೋರನಿಗೂ ಗೊತ್ತಿರುವುದು ನನಗೆ ಗೊತ್ತಿರಲಿಲ್ಲವೆಂದು ನನ್ನ ಕೈಯಿಂದಲೇ ಬರೆಯಬೇಕೇ?

ಗೊತ್ತಿತ್ತು. ನಿನ್ನ ಎರಡನೇ ಕಾಗದ ಓದಿದ ಕೂಡಲೇ ಗೊತ್ತಾಯಿತು. 'ಬ್ಯಾಲೆನ್ಸಿಂಗ್ ಮಾಡಿಸು' ಎಂದು ಬರೆದಿದ್ದರೆ ಆ ಒಂದು ಸಾಲಿಗೆ ನಮ್ಮ ವ್ಯವಹಾರ ಮುಗಿಯುತ್ತಿತ್ತು. 'ಥ್ಯಾಂಕ್ಸ್ ಮಾವ' ಎಂದು ನಿನ್ನದೊಂದು ಸಾಲು, ಮತ್ತೆ ನಾಲ್ಕು ವರ್ಷ ಇಲ್ಲ. ಪರೀಕ್ಷೆ ಕೊಟ್ಟರೆ ನೀನು ಬರೆಯುತ್ತೀಯ, ಬೇಸತ್ತರೆ ಕಾರನ್ನೇ ತರುತ್ತೀಯ, ತಂದರೆ ಅವಳೂ ಬಂದಾಳು ಎಂದುಕೊಂಡೆ. ಬಾಗುವ ಸೀಟು ಸುಮ್ಮನೆ ಹಾಕಿದೆನೇ?

ಆದರೆ ನನಗೆ ಒಂದು ಹೇಳು. ಅಕ್ಕನ ಎದೆ ಕೊಯ್ದಿದ್ದಾರೆಂದು ನಿನಗೆ ಗೊತ್ತಿತ್ತು. ನಾನು ಹಿಂದಿನ ಸೀಟಿನವನ ಬಗ್ಗೆ ಹುಡುಗಾಟ ಆಡುತ್ತಿದ್ದೇನೆಂದೂ ಗೊತ್ತಿತ್ತು. 'ಮಾವ, ಅದು ಅಮ್ಮ' ಎಂದು ಒಂದು ಸಾಲು ಬರೆಯದೆ ಅವಳನ್ನು ಅಲ್ಲಿ ಕೂರಿಸಿ ತೊಂಬತ್ತಕ್ಕೆ ಬಿಟ್ಟವಳು ಯಾರು? ಒಡಹುಟ್ಟಿದವನಿಗೆ ಹೇಳಬೇಡ ಎಂದು ಭಾಷೆ ತೆಗೆದುಕೊಂಡವಳು ಯಾರು? ಹೇಳದೇ ಇರುವುದನ್ನು ನಾನೊಬ್ಬನೇ ಕಲಿತೆನೇ ಈ ಮನೆತನದಲ್ಲಿ?

ಮೇಲಿನದನ್ನು ಹೊಡೆದು ಹಾಕೋಣ ಎಂದುಕೊಂಡೆ. ಇರಲಿ, ಬಿಟ್ಟಿದ್ದೇನೆ.

ನಾನು ಬರುತ್ತೇನೆ. ಗ್ಯಾರೇಜಿಗೆ ಬೀಗ ಹಾಕಿ ಬಸ್ಸು ಹತ್ತುತ್ತೇನೆ. ಅವಳನ್ನು ಆಸ್ಪತ್ರೆಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಲೋಟದ ನೀರು ತುಳುಕದ ಹಾಗೆ ಓಡಿಸಬಲ್ಲೆ, ಇದು ಬಡಾಯಿಯಲ್ಲ. ಮಾತಾಡಿಸಬೇಕು ಎಂದೇನಿಲ್ಲ. ಅವಳು ಹಿಂದೆ, ನಾನು ಮುಂದೆ. ಮುಖ ಕೂಡ ಕಾಣುವುದಿಲ್ಲ, ಕನ್ನಡಿ ಮೇಲಕ್ಕೆ ತಿರುಗಿಸಿ ಇಡುತ್ತೇನೆ. ಅವಳನ್ನು ಕೇಳಿ ಬರೆ.

ಮಾವ


ಆಗಸ್ಟ್ 19

ಮಾವನವರಿಗೆ,

ನೀವು ಕೇಳಿದ್ದಕ್ಕೆ ಮೊದಲು ಉತ್ತರ. ಹೌದು, ನಾನೂ ಹೇಳಲಿಲ್ಲ. ಅಮ್ಮನನ್ನು ಹಿಂದೆ ಕೂರಿಸಿ ಓಡಿಸಿದವಳು ನಾನೇ. ಅದನ್ನು ನೀವು ನೆನಪು ಮಾಡಿಕೊಡಬೇಕಾಗಿರಲಿಲ್ಲ. ಆದರೆ ನಾನು ನಿಮ್ಮನ್ನು ನಂಬಿ ಓಡಿಸಿದೆ. ನಮ್ಮ ಅಂಗಡಿಯಲ್ಲಿ ಸರಿಯಾದ ಗಾಜು ಸಿಕ್ಕ ಮೇಲೂ ಗಿರಾಕಿ ಎದ್ದು ಹೋಗಬಾರದೆಂದು ಗಾಜು ಬದಲಿಸುತ್ತಾ ಕೂರುವುದಿಲ್ಲ.

ನಿಮ್ಮ ಕಾಗದವನ್ನು ಅಮ್ಮನಿಗೆ ಕೊಟ್ಟೆ. ಓದಿ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತಾ ಕೂತಿದ್ದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

"ಅವತ್ತು ನಿಮ್ಮಪ್ಪನ ವಿಷಯದಲ್ಲಿ ಅವನಿಗೆ ಏನೂ ಗೊತ್ತಿರ್ಲಿಲ್ಲ ಕಣೇ. ಬರೀ ಬಾಯಿ. ಚಿಕ್ಕಂದಿನಿಂದ ನೋಡಿಲ್ವಾ ನಾನು? ಅವನು ಒಂದ್ಸಲ ಬಂದು 'ಸುಳ್ಳು ಹೇಳ್ದೆ ಅಕ್ಕಾ' ಅಂದಿದ್ರೆ ಅವತ್ತೇ ಊಟಕ್ಕೆ ಕೂರಿಸ್ತಿದ್ದೆ. ನಾಲ್ಕು ವರ್ಷ ಅದಕ್ಕೇ ಕಾದಿದ್ದು. ಈ ಸಲ ಮಾತ್ರ ಅವನಿಗೆ ನಿಜವಾಗ್ಲೂ ಗೊತ್ತಿತ್ತು."

ಬಸ್ಸು ಹತ್ತಬೇಡಿ ಎಂದು ಬರೆಯಲು ಹೇಳಿದ್ದಾಳೆ. ಕಾರು ಈಗ ನೂರಕ್ಕೂ ನಡುಗುವುದಿಲ್ಲ. ಅಮ್ಮ ಹಿಂದೆ ನಿದ್ದೆ ಮಾಡುತ್ತಾಳೆ. ನಮಗೆ ಬೇರೇನೂ ಬೇಕಾಗಿಲ್ಲ.

ಇತಿ


ನವೆಂಬರ್ 30

ಮಗಳೇ,

'ನೀನು' ಎನ್ನುತ್ತಿದ್ದವಳು 'ನೀವು' ಎಂದೆ. ಮರ್ಯಾದೆ ಸಿಕ್ಕಿತು. ನಾಲ್ಕನೇ ಕ್ಲಾಸಿನವನಿಗೆ ಇನ್ನೇನು ಬೇಕು.

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ. ಬರೆಯುವ ಅಗತ್ಯ ಬೀಳದಿರಲಿ ಎಂದೇ ಬರೆಯುತ್ತಿದ್ದೇನೆ.

ಮಳೆ ಬಿಟ್ಟ ಮೇಲೆ ರಸ್ತೆಗಳಲ್ಲಿ ಗುಂಡಿ ಎದ್ದಿರುತ್ತವೆ. ಗುಂಡಿಗೆ ಬಿದ್ದರೆ ಆ ಸೀಸದ ತುಂಡು ಉದುರಿ ಹೋಗಬಹುದು. ಚಕ್ರ ತೊಳೆಯುವಾಗ ಬೆರಳಾಡಿಸಿ ನೋಡು. ಉದುರಿದ್ದರೆ ಮತ್ತೆ ಬ್ಯಾಲೆನ್ಸಿಂಗ್, ಬೇರೇನೂ ಬೇಡ. ತುಂಡು ಇದ್ದೂ ನಡುಗಿದರೆ ರಿಮ್ಮು ಬಾಗಿದೆ, ಚಕ್ರವನ್ನು ಎತ್ತಿ ತಿರುಗಿಸಿದರೆ ಅಂಚು ಓಲಾಡುವುದು ಕಣ್ಣಿಗೇ ಕಾಣುತ್ತದೆ. ನಿಧಾನಕ್ಕೆ ಹೋದರೂ ಧಡ ಧಡ ಎಂದರೆ ಟೈರು ಎಲ್ಲೋ ಉಬ್ಬಿದೆ. ಅದನ್ನು ಒಂದು ದಿನವೂ ಓಡಿಸಬೇಡ, ಸಿಡಿಯುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗು ನಡುಗಿದರೆ ಬ್ರೇಕಿನ ತಟ್ಟೆ ಸೊಟ್ಟಗಾಗಿದೆ. ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದ ಕೂಡಲೇ ನಿಂತರೆ ಆಕ್ಸಲಿನ ಒಳಗಿನ ಜಾಯಿಂಟು. ಗಾಡಿ ಒಂದೇ ಕಡೆಗೆ ಎಳೆದರೆ ಮೊದಲು ಗಾಳಿ ನೋಡು, ಆಮೇಲೆ ಅಲೈನ್‌ಮೆಂಟು. ಆ ಎರಡಕ್ಕೂ ಈ ನಡುಕಕ್ಕೂ ಸಂಬಂಧವಿಲ್ಲ, ಯಾರಾದರೂ ಇದೆ ಎಂದರೆ ಅಂಗಡಿ ಬದಲಿಸು. ಚಕ್ರದಿಂದ ವಿಮಾನದ ಹಾಗೆ ಗುಂಯ್ ಎಂಬ ಸದ್ದು ಬಂದರೆ ಬೇರಿಂಗು. ಆ ಟೈರಿನಂಗಡಿಯವನು ಕೆಲಸ ಬಲ್ಲವನು. ಬೀಡಿ ಸೇದುತ್ತಾನೆ, ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾನೆ. ಅವನ ಹತ್ತಿರವೇ ಹೋಗು.

ಅಕ್ಕ ಹಿಂದೆ ಕೂತಾಗ ಎಡಗಡೆಗೆ ಕೂರಿಸು. ಬಲಗಡೆಯ ಸ್ಪ್ರಿಂಗು ಭಾವನ ಕಾಲದಿಂದಲೂ ಸ್ವಲ್ಪ ಗಟ್ಟಿ. ಇದನ್ನು ಯಾರಿಗೂ ಹೇಳಿರಲಿಲ್ಲ.

ಬಾಗುವ ಸೀಟನ್ನು ಗುಜರಿಯವನು ವಾಪಸು ತೆಗೆದುಕೊಂಡು ಹೋದ. ಈಗ ಅಲ್ಲಿ ಗಿರಾಕಿಗಳು ನಿಂತೇ ಇರುತ್ತಾರೆ.

ಅಷ್ಟೇ. ನನಗೆ ಗೊತ್ತಿರುವುದು ಇಷ್ಟೇ. ವೈದ್ಯ ಎಲ್ಲವನ್ನೂ ಒಂದೇ ದಿನ ಹೇಳಿ ಮುಗಿಸಿದ್ದಾನೆ. ಎರಡನೇ ದಿನ ಯಾರೂ ಬರಬೇಕಾಗಿಲ್ಲ.

ಮಾವ